ಮುಳ್ಳು ಹನ್ನೊಂದರ ಮೇಲೆ

ಮಂಡ್ಯದ ಸಕ್ಕರೆ ಫ್ಯಾಕ್ಟರಿಯ ಬಾಯ್ಲರ್ ಮನೆಯಲ್ಲಿ
ಇಪ್ಪತ್ತಾರು ವರ್ಷ ಗೇಜಿನ ಮುಳ್ಳಿಗೆ ಕಣ್ಣು ನೆಟ್ಟು ನಿಂತವನು ನಾನು.
ಹಬೆ ಎಷ್ಟು ಏರಿತು, ಎಷ್ಟು ಇಳಿಯಿತು,
ಸದ್ದಿನಲ್ಲೇ ಹೇಳುತ್ತಿದ್ದೆ.
ನನ್ನ ಗಂಟಲೊಳಗಿನ ವಾಲ್ವು ಮಾತ್ರ
ರಾತ್ರಿಯೆಲ್ಲ ಮುಚ್ಚಿ ಮುಚ್ಚಿ ತೆರೆಯುತ್ತಿದ್ದದ್ದು
ನನಗೊಬ್ಬನಿಗೇ ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಚಿಕ್ಕತಾಯಿಗೆ.
ಗೊರಕೆ ಇರುವಷ್ಟು ಹೊತ್ತು ಅವಳಿಗೆ ನಿದ್ದೆ.
ನಿಂತರೆ ಎಚ್ಚರ.
ಒಂದು, ಎರಡು, ಮೂರು,
ಕತ್ತಲಲ್ಲಿ ಎಣಿಸುತ್ತಿದ್ದಳಂತೆ.
ಇಪ್ಪತ್ತಕ್ಕೆ ಬಂದರೆ ಮೊಣಕೈ,
ಪಕ್ಕೆಗೊಂದು ತಿವಿತ.
"ಉಸ್ರು ಬುಡು, ಉಸ್ರು ಬುಡು."
ಬೈದು ಮಗ್ಗುಲಾಗುತ್ತಿದ್ದೆ.
ಹತ್ತೊಂಬತ್ತು ವರ್ಷ ಹಾಗೇ ನಡೆಯಿತು
ಒಂದು ಮೊಣಕೈ ಮೇಲೆ ಒಂದು ಸಂಸಾರ.

ಆಮೇಲೆ ಹಗಲೇ ತೂಕಡಿಕೆ.
ಕಬ್ಬು ಅರೆಯುವ ಕಾಲ, ಗೇಜಿನ ಮುಂದೆ
ನಿಂತ ನಿಂತಲ್ಲೇ ಕಣ್ಣು ಮುಚ್ಚಿತು ಒಂದು ದಿನ;
ಸೇಫ್ಟಿ ವಾಲ್ವು ಕಿರುಚಿ ಕ್ವಾರ್ಟರ್ಸನ್ನೆಲ್ಲ ಎಬ್ಬಿಸಿತು.
ಮೆಮೊ ಬಂತು. ಕುಡಿದಿದ್ದಾನೆ ಅಂದರು.
ಕಾಫಿ ಬಿಟ್ಟರೆ ಬೇರೇನೂ ಕಾಣದ ಬಾಯಿ,
ಏನು ಹೇಳಲಿ?

ಮೈಸೂರಿನ ಸರಸ್ವತಿಪುರಂನಲ್ಲಿ ಒಂದು ರಾತ್ರಿ
ತಲೆಗೆ, ಎದೆಗೆ, ಬೆರಳಿಗೆ ವೈರು ಹಚ್ಚಿ ಮಲಗಿಸಿದರು.
ಬೆಳಿಗ್ಗೆ ಡಾಕ್ಟರಮ್ಮ ಉದ್ದದ ಕಾಗದ ಬಿಡಿಸಿ
"ಗಂಟೆಗೆ ನಲವತ್ತೆರಡು ಸಲ ನಿಂತಿದೆ" ಅಂದರು.
"ಅಷ್ಟೊಂದು ನಂಗೆ ಎಣ್ಸಕ್ಕಾಗಿಲ್ಲ ಕಣಮ್ಮ"
ಅಂದಳು ಇವಳು, ತಪ್ಪು ಮಾಡಿದವಳ ಹಾಗೆ.

ಬಂತು ಮಿಷನ್ನು. ಟಿಫಿನ್ ಕ್ಯಾರಿಯರ್‌ಗಿಂತ ತುಸು ದೊಡ್ಡದು.
ಬೆಲೆ ಕೇಳಿ, "ಒಂದು ಸೀಮೆಹಸು" ಅಂದಳು.
ಮೊದಲ ವಾರ ನಡುರಾತ್ರಿ ಕಿತ್ತೆಸೆದೆ.
ಮೂಗಿಗೆ, ಕೆನ್ನೆಗೆ, ಹಿಂದಲೆಗೆ ಪಟ್ಟಿ.
ಎತ್ತಿಗೂ ಇಷ್ಟು ಕಟ್ಟುವುದಿಲ್ಲ.
ಹೊಟ್ಟೆ ತುಂಬ ಗಾಳಿ, ಬಾಯಿ ತುಂಬ ಮರಳು.
ಹದಿನೈದನೇ ಬೆಳಿಗ್ಗೆ ಕಣ್ಣು ಬಿಟ್ಟರೆ
ಕಿಟಕಿಯಾಚೆ ಕಬ್ಬಿನ ಗಾಡಿ ಹೋಗುತ್ತಿದೆ.
ಗಾಡಿ, ಎತ್ತು, ಎತ್ತಿನ ಕೊಂಬಿನ ಹಿತ್ತಾಳೆ ಕಳಸ
ಎಲ್ಲ ಬೇರೆ ಬೇರೆಯಾಗಿ ಕಂಡವು.
ಅಲ್ಲಿಯವರೆಗೆ ನೋಡಿದ್ದೆಲ್ಲ
ಹಬೆ ಹಿಡಿದ ಗಾಜಿನ ಹಿಂದಿನಿಂದಲೇ?

ಹನ್ನೊಂದು ವರ್ಷವಾಯಿತು. ಒತ್ತಡವೂ ಹನ್ನೊಂದು.
ಇದಕ್ಕೆ ಮುಳ್ಳಿಲ್ಲ, ಬರೀ ಅಂಕೆ.
ನನಗೆ ಮಾತ್ರ ಮುಳ್ಳೇ ಕಾಣುತ್ತದೆ.
ಡಿಸ್ಟಿಲ್ಡ್ ವಾಟರ್ ಕೇಳಿದರೆ ಬ್ಯಾಟರಿ ಅಂಗಡಿಯ ನಂಜಪ್ಪಾಜಿ
"ಯಾವ ಗಾಡಿಗೆ ಸಾರ್?" ಅನ್ನುತ್ತಿದ್ದ.
"ಇದಕ್ಕೇ" ಅಂತ ಎದೆ ತೋರಿಸುತ್ತಿದ್ದೆ.
ಈಗ ಕೇಳದೆ ಕ್ಯಾನು ಎತ್ತಿಕೊಡುತ್ತಾನೆ.
ಭಾನುವಾರ ತಂತಿಯ ಮೇಲೆ ಒಣಗುತ್ತವೆ
ಅವಳ ಸೀರೆ, ಟವೆಲ್ಲು, ನನ್ನ ಟ್ಯೂಬು.
ಮದ್ದೂರಿನ ಮದುವೆ ಛತ್ರದಲ್ಲಿ ಇದನ್ನು ಹಾಕಿ ಮಲಗಿದರೆ
ಹುಡುಗರು ಸುತ್ತ ಕೂತು "ಆನೆ, ಆನೆ" ಅಂದವು.
ಸೊಂಡಿಲೆತ್ತಿ ಒಬ್ಬೊಬ್ಬರ ತಲೆಗೂ ಮುಟ್ಟಿಸಿದೆ.
ಒಂದು ಮಗು ಒಂದು ರೂಪಾಯಿ ಇಟ್ಟು ಕೈಮುಗಿಯಿತು.

ಮುಖಕ್ಕೆ ಮುಖವಿಟ್ಟು ಮಲಗುವುದು ಹೋಯಿತು.
ಆ ಮಾತು ನಾವು ಆಡಿಲ್ಲ.

ಮೊನ್ನೆ ರಾತ್ರಿ ಕರೆಂಟು ಹೋಯಿತು.
ಯುಪಿಎಸ್ಸೂ ಎರಡು ಸಲ ಕೂಗಿ ಸುಮ್ಮನಾಯಿತು.
ಮಾಸ್ಕಿನೊಳಗೆ ಗಾಳಿ ನಿಂತಿತ್ತು, ನಾನು
ಯಾವುದೋ ಬಾವಿಯ ಕೆಳಗಿನ ಮೆಟ್ಟಿಲಲ್ಲಿ.
ಪಕ್ಕದಿಂದ ಬಂತು ಮೊಣಕೈ,
ಹನ್ನೊಂದು ವರ್ಷ ರಜೆಯಲ್ಲಿದ್ದದ್ದು.
ಅದೇ ಪಕ್ಕೆ, ಅದೇ ಎಲುಬು.
ಧಡಕ್ಕನೆ ಎದ್ದು, ಪಟ್ಟಿ ಬಿಚ್ಚಿ ನೋಡಿದೆ:
ಬಾಯಿ ಅರ್ಧ ತೆರೆದು, ಸಣ್ಣಗೆ ಗೊರೆಯುತ್ತಾ,
ಚಿಕ್ಕತಾಯಿ ಗಾಢ ನಿದ್ದೆಯಲ್ಲಿದ್ದಾಳೆ.

ಒಮ್ಮೆ ಅವಳದೂ ನಿಂತಿತು.
ಗೋಡೆಗೊರಗಿ ಕೂತೆ, ಕತ್ತಲಲ್ಲಿ:
ಒಂದು, ಎರಡು, ಮೂರು.